ಆರೂವರೆ ಗಂಟೆಯ ದಾರಿ

ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವನಿಗೆ ವಿಮಾನದ ವಿಷಯವೆಲ್ಲ ಗೊತ್ತಿರುತ್ತದೆ ಎಂದು ಊರು ನಂಬಿತ್ತು. ಹೋಗ್ತಾ ಹೋಗ್ತಾ ಭೀಮರಾಜನೂ ಅದನ್ನು ನಂಬಿಬಿಟ್ಟಿದ್ದ.

ಅವನ ಕೆಲಸ ಲಗೇಜಿನ ಟ್ರ್ಯಾಕ್ಟರ್ ಓಡಿಸುವುದು. ವಿಮಾನ ಬಂದು ನಿಂತ ಮೇಲೆ ಹಿಂದೆ ನಾಲ್ಕು ಗಾಡಿ ಸಿಕ್ಕಿಸಿಕೊಂಡು ಅದರ ಹೊಟ್ಟೆಯ ಕೆಳಗೆ ಹೋಗಿ ನಿಲ್ಲುವುದು, ತುಂಬಿಸಿಕೊಂಡು ಬರುವುದು. ಒಂಬತ್ತು ವರ್ಷದಿಂದ ಅವನು ವಿಮಾನಗಳ ಹೊಟ್ಟೆಯನ್ನೇ ನೋಡಿಕೊಂಡು ಬಂದಿದ್ದ. ಒಳಗೆ ಕೂತು ಹಾರಿದ್ದು ಮಾತ್ರ ಒಮ್ಮೆಯೂ ಇಲ್ಲ. ಆದರೆ ದೊಡ್ಡಬಳ್ಳಾಪುರದ ಕಡೆ, ಮಧುರೆಯ ಪಕ್ಕದ ಅವನ ಊರು ವಿಮಾನ ಇಳಿಯುವ ದಾರಿಯಲ್ಲೇ ಇತ್ತು. ಅರಳಿಕಟ್ಟೆಯ ಮೇಲೆ ಕೂತವರು ತಲೆ ಮೇಲೆ ಹೋದದ್ದನ್ನು ತೋರಿಸಿ, ಇದು ಎಲ್ಲಿಂದ ಬಂತ್ಲಾ ಭೀಮ ಅಂದರೆ, ಬಾಲದ ಬಣ್ಣ ನೋಡಿ ಒಂದನ್ನು ದುಬೈ ಎನ್ನುತ್ತಿದ್ದ, ಇನ್ನೊಂದನ್ನು ಸಿಂಗಪುರ ಎನ್ನುತ್ತಿದ್ದ. ತಪ್ಪು ಅನ್ನುವವರು ಯಾರಿದ್ದರು? ಕಟ್ಟೆಯ ಮೇಲಿದ್ದವರೆಲ್ಲ ಕತ್ತೆತ್ತಿ ನೋಡಿ, ತಲೆಯಾಡಿಸಿ, ಮತ್ತೆ ಚೌಕಾಬಾರಕ್ಕೆ ಬಗ್ಗುತ್ತಿದ್ದರು.

ಅತ್ತಿಗೆ ಅನಸೂಯ ತೀರಿಕೊಂಡ ಬೆಳಿಗ್ಗೆಯೂ ಎಲ್ಲರೂ ಅವನ ಮುಖವನ್ನೇ ನೋಡಿದರು.

ಅವಳು ಡೇರಿಗೆ ಹಾಲು ಹಾಕಿ ಬರುತ್ತಾ ದಾರಿಯಲ್ಲಿ ಕುಸಿದಿದ್ದಳು. ಕ್ಯಾನು ಉರುಳಿಕೊಂಡು ಚರಂಡಿಯ ತನಕ ಹೋಗಿತ್ತು. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಒಯ್ದರೆ, ದಾರಿಯಲ್ಲೇ ಜೀವ ಹೋಗಿದೆ ಅಂದರು. ನಲವತ್ತು ದಾಟದ ಹೆಂಗಸು. ಹಿಂದಿನ ದಿನ ತಾನೇ ಏಪ್ರಿಲ್ಲಿನ ಬಿಸಿಲಲ್ಲಿ ಕೂತು ಹಪ್ಪಳ ಒತ್ತಿದ್ದಳು. ಅವು ಇನ್ನೂ ಮಾಳಿಗೆಯ ಮೇಲೆ ಒಣಗುತ್ತಿದ್ದವು. ಅಣ್ಣ ನಂದೀಶ ಹೆಂಡತಿಯನ್ನು ಆಂಬುಲೆನ್ಸಿನಿಂದ ಇಳಿಸಿ ಅಂಗಳದಲ್ಲಿ ಮಲಗಿಸಿದವನು, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತ. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ, ಅಷ್ಟೇ.

ಅನಸೂಯಳಿಗೆ ತವರು ಅಂತ ಉಳಿದಿದ್ದವನು ಒಬ್ಬನೇ, ತಮ್ಮ ಮಂಜೇಶ. ಹೆತ್ತವರು ಹೋದ ಮೇಲೆ ಅಕ್ಕನೇ ಅವನನ್ನು ಈ ಮನೆಗೆ ಕರೆತಂದು ಐಟಿಐ ಓದಿಸಿದ್ದಳು. ಭೀಮರಾಜನೂ ಅವನೂ ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಬೈಕಿಗೆ ಜಗಳವಾಡಿ ಬೆಳೆದವರು. ಈಗ ಅವನು ಪಿಲ್ಲಗುಂಪೆಯ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಫಿಟ್ಟರ್. ಕಂಪನಿಯವರು ಬಟ್ಟೆಗೆ ಬಣ್ಣ ಹಾಕುವ ಯಾವುದೋ ಫ್ಯಾಕ್ಟರಿಗೆ ಬಾಯ್ಲರ್ ಕೂರಿಸಿ ಬಾ ಅಂತ ಎರಡು ತಿಂಗಳ ಮಟ್ಟಿಗೆ ಮಡಗಾಸ್ಕರಿಗೆ ಕಳಿಸಿದ್ದರು. ಊರಿನ ಹೆಸರು ಅಂಟನಾನರಿವೊ. ಅನಸೂಯ ಆ ಹೆಸರು ಹೇಳಲು ಹೋಗಿ ಪ್ರತಿ ಸಲ ಅರ್ಧಕ್ಕೇ ನಗುತ್ತಿದ್ದಳು.

ಭೀಮರಾಜನ ಊರ ಕಡೆ ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನದು. ಗಂಡನ ಮನೆಯ ಬೀರುವಿನಲ್ಲಿ ಎಷ್ಟೇ ರೇಷ್ಮೆ ಇರಲಿ, ತವರಿನ ಸೀರೆ ಮೈಮೇಲೆ ಬೀಳದೆ ಹೆಣ ಏಳುವುದಿಲ್ಲ. ಧಾರೆ ಎರೆದು ಕೊಟ್ಟವರೇ ಕಳಿಸಿಯೂ ಕೊಡಬೇಕು ಅನ್ನುವುದು ಕ್ರಮ.

ಫೋನು ಮಾಡಿದವನು ಭೀಮರಾಜನೇ. ಆ ಕಡೆ ಯಾರೋ ಕಬ್ಬಿಣಕ್ಕೆ ಸುತ್ತಿಗೆಯಲ್ಲಿ ಹೊಡೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಮಂಜೇಶ ಸಣ್ಣ ದನಿಯಲ್ಲಿ ಹೇಳಿದ: “ಎತ್ಬೇಡಿ ಭೀಮಣ್ಣ. ನಾನು ಬರೋವರ್ಗೂ ಎತ್ಬೇಡಿ. ಅಕ್ಕನ ಸೀರೆ ನಾನೇ ತರ್ತೀನಿ.”

“ಎತ್ತಲ್ಲ ಕಣೋ. ನೀನು ಹೊರಡು.”

ಇಷ್ಟು ಹೇಳಿ ಫೋನಿಟ್ಟ ಭೀಮರಾಜ, ಆ ಊರಿನ ಹೆಸರನ್ನು ಮೊಬೈಲಿನಲ್ಲಿ ಬರೆದು, ಅಲ್ಲಿಂದ ಬೆಂಗಳೂರಿಗೆ ಎಷ್ಟು ಹೊತ್ತು ಅಂತ ಹುಡುಕಿದ. ಒಂದು ಪುಟ ತೆರೆದುಕೊಂಡಿತು. ನೀಲಿ ಸಮುದ್ರ, ಅದರ ಮೇಲೆ ಈ ತುದಿಯಿಂದ ಆ ತುದಿಗೆ ಬಾಗಿದ ಒಂದು ಗೆರೆ. ದೂರ ನಾಲ್ಕು ಸಾವಿರದ ಎಂಟುನೂರು ಚಿಲ್ಲರೆ ಕಿಲೋಮೀಟರ್. ಹಾರಾಟದ ಸಮಯ ಆರೂವರೆ ಗಂಟೆ. ಗೆರೆ ಎಲ್ಲೂ ತುಂಡಾಗಿರಲಿಲ್ಲ. ನಡುವೆ ನೀರು ಬಿಟ್ಟರೆ ಏನೂ ಇರಲಿಲ್ಲ. ಭೀಮರಾಜನಿಗೆ ಎದೆಯ ಭಾರ ಒಂದು ಗುಲಗಂಜಿಯಷ್ಟು ಇಳಿದಂತಾಯಿತು. ಏರ್‌ಪೋರ್ಟಿಗೆ ಬರೋಕೆ ಸ್ವಲ್ಪ ಹೊತ್ತು, ಇಳಿದ ಮೇಲೆ ಚೆಕಿಂಗಿಗೆ ಸ್ವಲ್ಪ ಹೊತ್ತು ಅಂತ ಮೇಲೆ ಎರಡು ಗಂಟೆ ಸೇರಿಸಿದ. ಸೇರಿಸುವಾಗ ತಾನು ಎಷ್ಟು ಜವಾಬ್ದಾರಿಯ ಮನುಷ್ಯ ಅಂತ ಅವನಿಗೇ ಅನ್ನಿಸಿತು. ಮತ್ತೆ ಮಂಜೇಶನಿಗೆ ಮೆಸೇಜು ಹಾಕಿದ: ಆರೂವರೆ ಗಂಟೆ ಕಣೋ, ಹೆದರಬೇಡ.

ಶಾಮಿಯಾನದ ಕಂಬ ನಿಲ್ಲಿಸುತ್ತಿದ್ದವರ ನಡುವೆ ದೊಡ್ಡಪ್ಪ ಅಪ್ಪಯ್ಯಣ್ಣ ನಿಂತಿದ್ದರು. ಮನೆಯ ಹಿರಿಯರು, ಸಾವಿರಲಿ ಮದುವೆಯಿರಲಿ, ಅವರ ಬಾಯಿಂದ ಹೊರಟದ್ದೇ ಹೊತ್ತು. ದೊಡ್ಡಬಳ್ಳಾಪುರದಿಂದ ಫ್ರೀಜರ್ ಪೆಟ್ಟಿಗೆ ತರಿಸೋಣವಾ, ಈ ಬಿಸಿಲು ನೋಡಿದರೆ ಯಾಕೋ ಧೈರ್ಯ ಬರ್ತಿಲ್ಲ ಅಂತ ಅವರು ಕೇಳಿದರು. ನಡುವೆ ಯಾರೋ, ಹುಡುಗ ಅಷ್ಟು ದೂರದಿಂದ ಬರೋದುಂಟಾ, ಫೋನಲ್ಲೇ ಮುಖ ತೋರಿಸಿ ಮುಗಿಸಿ ಅಂದರು.

“ಪೆಟ್ಟಿಗೆ ಬೇಡ ದೊಡ್ಡಪ್ಪ,” ಅಂದ ಭೀಮರಾಜ. “ಆರೂವರೆ ಗಂಟೆ ದಾರಿ. ಹೊತ್ತು ಮುಳುಗೋದ್ರೊಳ್ಗೆ ಬಂದ್ಬಿಡ್ತಾನೆ.”

ಅಪ್ಪಯ್ಯಣ್ಣ ಸುತ್ತಲಿನವರ ಕಡೆ ತಿರುಗಿ, “ನಮ್ಮ ಭೀಮ ಅಲ್ಲೇ ಇರೋನಲ್ವೇ,” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಪೆಟ್ಟಿಗೆ ಬರಲಿಲ್ಲ. ಎರಡು ಮಂಜುಗಡ್ಡೆಯ ಹಲಗೆ ಬಂದವು. ಹೊಟ್ಟು ಮುಚ್ಚಿ ಚಾಪೆಯ ಆಚೆ ಈಚೆ ಇಟ್ಟರು. ನೆಂಟರಿಗೆಲ್ಲ ಸಂಜೆ ಐದೂವರೆಯ ಮೇಲೆ ಅಂತ ಹೇಳಿಕಳಿಸಿದರು. ಹೊಲದ ಬದುವಿನಲ್ಲಿ ಭೀಮರಾಜನ ಅಪ್ಪನ ಸಮಾಧಿಯ ಪಕ್ಕ ಗುಣಿ ತೋಡಲು ಆಳುಗಳು ಹೋದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದು ಒಲೆಯೂ ಉರಿಯಲಿಲ್ಲ. ತಾಯಿ ಅಮ್ಮಯಮ್ಮ ಸೊಸೆಯ ತಲೆದೆಸೆಯ ದೀಪಕ್ಕೆ ಎಣ್ಣೆ ಬಿಡುತ್ತಾ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ತಮ್ಮ ಬತ್ತಾವ್ನೆ, ವಿಮಾನದಲ್ಲಿ ಬತ್ತಾವ್ನೆ. ತಮಟೆಯವರು ನೆರಳಿನಲ್ಲಿ ಬೆಂಕಿ ಮಾಡಿ ಚರ್ಮ ಕಾಯಿಸಿಟ್ಟುಕೊಂಡಿದ್ದರು. ಭೀಮರಾಜ ಬಂದವರಿಗೆ ನೀರು ಕೊಡುತ್ತಾ, ಕುರ್ಚಿ ಎಳೆಯುತ್ತಾ, ಈಗ ಅರ್ಧ ದಾರಿ ಬಂದಿರಬೇಕು, ಈಗ ಮುಕ್ಕಾಲು ಅಂತ ಮನಸ್ಸಿನಲ್ಲೇ ಆ ನೀಲಿಯ ಮೇಲಿನ ಗೆರೆಯನ್ನು ಒರೆಸಿಕೊಂಡು ಬರುತ್ತಿದ್ದ.

ಮೂರು ಗಂಟೆಯ ಸುಮಾರಿಗೆ ಮೊಬೈಲು ಅದುರಿತು. ಮಂಜೇಶ ಟಿಕೆಟಿನ ಫೋಟೋ ಕಳಿಸಿದ್ದ. ಕಂಪನಿಯವರು ಈಗ ಮಾಡಿಸಿಕೊಟ್ಟರು, ಏರ್‌ಪೋರ್ಟಿಗೆ ಹೊರಟೆ ಎಂದು ಕೆಳಗೆ ಬರೆದಿದ್ದ. ಹೊರಟೆ! ಭೀಮರಾಜ ಕೊಟ್ಟಿಗೆಯ ಹಿಂದೆ ಹೋಗಿ ಫೋಟೋ ದೊಡ್ಡದು ಮಾಡಿ ನೋಡಿದ. ಅದರಲ್ಲಿ ಗೆರೆ ಇರಲಿಲ್ಲ. ಊರುಗಳಿದ್ದವು, ಒಂದರ ಕೆಳಗೊಂದು. ಅಂಟನಾನರಿವೊದಿಂದ ಮಾರಿಷಸ್, ಇವತ್ತು ರಾತ್ರಿಗೆ. ಅಲ್ಲಿ ನಾಳೆಯವರೆಗೆ ಕಾಯುವುದು. ಅಲ್ಲಿಂದ ಮುಂಬೈ. ಮುಂಬೈಯಿಂದ ಬೆಂಗಳೂರು, ನಾಡಿದ್ದು ಬೆಳಿಗ್ಗೆ.

ಅವನಿಗೆ ಒಡನೆ ನೆನಪಾದದ್ದು ಲಗೇಜಿನ ಮೇಲೆ ಅಂಟಿಸಿರುವ ಬಿಳಿ ಪಟ್ಟಿಗಳು. ಎಷ್ಟೋ ಪಟ್ಟಿಗಳಲ್ಲಿ ಎರಡೆರಡು, ಮೂರು ಮೂರು ಊರುಗಳ ಹೆಸರು ಹೀಗೇ ಒಂದರ ಕೆಳಗೊಂದು ಇರುತ್ತಿದ್ದವು. ಅಂಥ ಪೆಟ್ಟಿಗೆಗಳನ್ನು ಬೇರೆ ಗಾಡಿಗೆ ಹಾಕಿ, ಒಂದು ವಿಮಾನದಿಂದ ಇನ್ನೊಂದು ವಿಮಾನಕ್ಕೆ ಅವನೇ ಎಳೆದುಕೊಂಡು ಹೋಗುತ್ತಿದ್ದ. ಕೆಲವು ಇಡೀ ದಿನ ಶೆಡ್ಡಿನಲ್ಲಿ ಬಿದ್ದಿರುತ್ತಿದ್ದವು. ಪೆಟ್ಟಿಗೆಗಳು ಕಾಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಅವುಗಳ ಜೊತೆ ಮನುಷ್ಯನೊಬ್ಬನೂ ಎಲ್ಲೋ ಕೂತು ಕಾಯುತ್ತಿರುತ್ತಾನೆ ಎನ್ನುವುದು ಹೊಳೆದಿರಲಿಲ್ಲ.

ಕೌಂಟರಿನಲ್ಲಿ ಕೆಲಸ ಮಾಡುವ ಪ್ರಮೋದಾಗೆ ಫೋನು ಮಾಡಿದ. ಒಂದೇ ಸ್ಟಾಫ್ ಬಸ್ಸಿನಲ್ಲಿ ಹೋಗಿ ಬರುವ ಪರಿಚಯ. ವಿಷಯ ಕೇಳಿ ಅವಳು ಅಯ್ಯೋ ಅಂದಳು, ಕಂಪ್ಯೂಟರಿನಲ್ಲಿ ಹುಡುಕಿಯೂ ನೋಡಿದಳು. ಬೇರೆ ದಾರಿ ಯಾವುದು ಹಿಡಿದರೂ ಇದಕ್ಕಿಂತ ಬೇಗ ಇರಲಿಲ್ಲ.

“ಮತ್ತೆ ಆರೂವರೆ ಗಂಟೆ ಅಂತ ಹಾಕಿದಾರಲ್ಲ,” ಅಂದ ಭೀಮರಾಜ. ಅವನ ದನಿ ಜಗಳಕ್ಕೆ ನಿಂತವನ ಹಾಗಿತ್ತು.

“ಅದು ಬರೀ ದೂರದ ಲೆಕ್ಕ ಭೀಮಣ್ಣ. ಅಲ್ಲಿಂದ ಇಲ್ಲಿಗೆ ವಿಮಾನನೇ ಇಲ್ಲ.” ಆಮೇಲೆ ಅವಳೇ ಹೇಳಿದಳು, ನನ್ನ ಮುಂದೆ ಜನ ನಿಂತಿದ್ದಾರೆ, ಇಡ್ತೀನಿ ಅಂತ.

ಹಸು ಒಂದೇ ಸಮ ಕೂಗುತ್ತಿತ್ತು. ಬೆಳಿಗ್ಗೆ ಅನಸೂಯ ಹಾಲು ಕರೆದು ಹೋದ ಮೇಲೆ ಅದಕ್ಕೆ ಯಾರೂ ಹುಲ್ಲು ಹಾಕಿರಲಿಲ್ಲ. ಭೀಮರಾಜ ಒಂದು ಹೊರೆ ಹುಲ್ಲು ತಂದು ಹಾಕಿದ. ಇನ್ನೊಂದು ತಂದು ಹಾಕಿದ. ಆಮೇಲೆ ಹೇಳಬೇಕಾದ ಮಾತನ್ನು ಬಾಯಲ್ಲಿ ಕಟ್ಟಿಕೊಂಡು ಅಂಗಳಕ್ಕೆ ಬಂದ. ಅಪ್ಪಯ್ಯಣ್ಣ ಎಲ್ಲಿಗೆ ಬಂದ ಅಂತ ಕೇಳಿದರು. “ಬರ್ತಾವ್ನೆ,” ಅಂದ. ಅದು ಸುಳ್ಳಲ್ಲ. ಸುಳ್ಳಲ್ಲ ಎನ್ನುವುದನ್ನೇ ಹಿಡಿದುಕೊಂಡು ಅವನು ಒಂದು ಗಂಟೆ ಕಳೆದ.

ಆ ಒಂದು ಗಂಟೆಯಲ್ಲಿ ಮಂಜುಗಡ್ಡೆ ಕರಗಿ, ಹೊಟ್ಟು ತೊಯ್ದು ಚಾಪೆಯ ಕೆಳಗೆ ನೀರು ಹರಿಯಿತು. ಎದುರುಮನೆಯ ಮುನಿಗಂಗಮ್ಮ, ಎಂಬತ್ತರ ಮುದುಕಿ, ಯಾರಿಗೂ ಏನೂ ಹೇಳದೆ ಊದುಬತ್ತಿಯ ಕಟ್ಟನ್ನೇ ಬಿಚ್ಚಿ ಬಾಳೆಹಣ್ಣಿಗೆ ಚುಚ್ಚಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಟ್ಟು ಬಿಚ್ಚಿದಳು. ಹೆಂಗಸರು ಸೆರಗನ್ನು ಮೂಗಿನ ತನಕ ಎಳೆದುಕೊಂಡರು, ಅಳುವುದಕ್ಕೆ ಎನ್ನುವಂತೆ. ಅತ್ತಿಗೆಯ ಕೆನ್ನೆಗೆ ಹಚ್ಚಿದ್ದ ಅರಿಶಿನದ ಕೆಳಗೆ ಬೇರೊಂದು ಬಣ್ಣ ಏಳುತ್ತಿರುವುದನ್ನು ಭೀಮರಾಜ ನೋಡಿದ. ನೋಡಿ, ಕುರ್ಚಿ ಸರಿಮಾಡಲು ಹೋದ.

ನಾಲ್ಕೂವರೆಯ ಹೊತ್ತಿಗೆ ಪಡುವಲಿಂದ ಒಂದು ವಿಮಾನ ಬಂತು. ಚಕ್ರ ಬಿಟ್ಟುಕೊಂಡು, ತೆಂಗಿನ ಮರಗಳ ಮೇಲೆ, ಮನೆಯ ಮೇಲೇ ಹಾದುಹೋಗುವಂತೆ ಇಳಿಯುತ್ತಿತ್ತು. “ಇದ್ರಲ್ಲೇ ಇದ್ದಾನು,” ಅಂದಳು ಅಮ್ಮಯಮ್ಮ. ಅಂಗಳದಲ್ಲಿದ್ದ ಅಷ್ಟೂ ಜನ ತಲೆಯೆತ್ತಿದರು. ಒಂದು ಹೆಂಗಸು ಕೈಯೆತ್ತಿ, ಬಾರಪ್ಪಾ ಬೇಗ ಬಾ, ಅಕ್ಕನ ಮುಖ ನೋಡು ಬಾ ಎಂದು ರಾಗ ತೆಗೆದಳು. ಭೀಮರಾಜ ಒಬ್ಬನೇ ನೆಲ ನೋಡುತ್ತಿದ್ದ. ವಿಮಾನದ ನೆರಳು ಶಾಮಿಯಾನದ ಮೇಲೆ, ಅತ್ತಿಗೆಯ ಮೇಲೆ ಹಾದು ಮೂಡಲಿಗೆ ಹೋಯಿತು.

ಆಗ ಬೆಳಿಗ್ಗೆಯಿಂದ ಕಲ್ಲು ಬಿಟ್ಟು ಏಳದಿದ್ದ ನಂದೀಶ ಎದ್ದು ಬಂದ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬೈಕಿನ ಕೀ ತೆಗೆದು ತಮ್ಮನ ಕೈಗಿಟ್ಟ. “ಹೋಗು, ಕರ್ಕೊಂಬಾ. ಬಸ್ಸು ಗಿಸ್ಸು ಅಂತ ಅವನು ಹುಡುಕ್ಕೊಂಡು ನಿಂತ್ಕೊಳ್ಳೋದು ಬೇಡ.”

ಕೀ ಅಂಗೈಯಲ್ಲಿ ಬೆಚ್ಚಗಿತ್ತು. ಭೀಮರಾಜ ಅದನ್ನು ಹಿಡಿದುಕೊಂಡೇ ಹೇಳಿದ. ಇವತ್ತು ಬರಲ್ಲ. ನಾಳೆಯೂ ಬರಲ್ಲ. ನೇರ ವಿಮಾನ ಇಲ್ಲ. ನಾನು ನೋಡಿದ್ದು ದೂರ.

ಬೈದರೆ ತಡೆದುಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. ನಂದೀಶ ಹೆಂಡತಿಯ ಕಡೆ ಒಮ್ಮೆ ನೋಡಿ, “ಬೆಳಿಗ್ಗೆನೇ ಅಂದಿದ್ರೆ ಪೆಟ್ಟಿಗೆ ತರಿಸ್ತಿದ್ವಲ್ಲೋ,” ಅಂದ. ಅಣ್ಣ ಅವತ್ತು ಅವನೊಂದಿಗೆ ಆಡಿದ ಕೊನೆಯ ಮಾತು ಅದು.

ಪೆಟ್ಟಿಗೆಗೆ ಈಗ ಫೋನು ಹೋಯಿತು. ಇದ್ದದ್ದು ಮಧ್ಯಾಹ್ನವಷ್ಟೇ ದೊಡ್ಡಬೆಳವಂಗಲದ ಸಾವಿನ ಮನೆಗೆ ಹೋಗಿತ್ತು. ನೆಲಮಂಗಲದಲ್ಲಿ ಕೇಳಿದರು, ದೇವನಹಳ್ಳಿಯಲ್ಲಿ ಕೇಳಿದರು. ಬಿಸಿಲಿಗೆ ಎಲ್ಲ ಕಡೆ ಮುದುಕರು ಹೋಗುತ್ತಿದ್ದ ಕಾಲ. ನಾಳೆ ಬೆಳಿಗ್ಗೆ ನೋಡೋಣ ಅಂದರು ಎಲ್ಲರೂ. ಅಪ್ಪಯ್ಯಣ್ಣ ಹೊತ್ತು ನೋಡಿದರು, ಊದುಬತ್ತಿಯ ಹೊಗೆ ನೋಡಿದರು. “ಕಳಿಸ್ಕೊಡಾನ. ಹೆಣ್ಣುಮಗಳನ್ನ ಹಿಂಗೆ ಮಲಗಿಸ್ಕೊಂಡಿರಬಾರ್ದು.”

ಭೀಮರಾಜ ಅವರ ಮುಂದೆ ನಿಂತು, ಮಂಜನಿಗೆ ಮಾತು ಕೊಟ್ಟಿದೀನಿ ದೊಡ್ಡಪ್ಪ, ಅಂದ.

“ಕೊಟ್ಟಿದೀಯ,” ಅಂದರು ಅಪ್ಪಯ್ಯಣ್ಣ.

ಸೀರೆ? ಆ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಮುನಿಗಂಗಮ್ಮ ಎದ್ದು, ಸೊಂಟ ಹಿಡಿದುಕೊಂಡು ತನ್ನ ಮನೆಗೆ ಹೋದಳು. ಟ್ರಂಕು ತೆಗೆದ ಸದ್ದು ಕೇಳಿಸಿತು. ಹೊಸಕೋಟೆಯ ಕಡೆ ಅನಸೂಯ ಹುಟ್ಟಿದ ಊರಿನಲ್ಲೇ ಅವಳೂ ಹುಟ್ಟಿದ್ದು. ಅರವತ್ತು ವರ್ಷದ ಹಿಂದೆ ಈ ಊರಿಗೆ ಸೊಸೆಯಾಗಿ ಬಂದವಳು. ತನ್ನ ದಿನಕ್ಕೆ ಬೇಕಾದೀತು ಅಂತ ಅಣ್ಣ ಸಾಯುವ ಮುಂಚೆ ತಂದುಕೊಟ್ಟಿದ್ದ ಸೀರೆಯನ್ನು ಅವಳು ಮಡಿಕೆ ಬಿಚ್ಚದೆ ಇಟ್ಟುಕೊಂಡಿದ್ದಳು. ಅದನ್ನು ತಂದು ಅನಸೂಯಳ ಮೈಮೇಲೆ ಹೊದಿಸಿ, ತಲೆ ಸವರಿ ಹೇಳಿದಳು: “ಒಂದೇ ಬಾವಿ ನೀರು ಕುಡ್ದೋರು ಕಣವ್ವ ನಾವು. ಬೇಜಾರ್ ಮಾಡ್ಕೋಬ್ಯಾಡ.”

ತಮಟೆ ಶುರುವಾಯಿತು. ಚಟ್ಟದ ಬಲ ಮುಂದಿನ ಬಿದಿರು ಭೀಮರಾಜನ ಹೆಗಲಿಗೆ ಬಂತು. ಮನೆ ದಾಟುವಾಗಲೇ ಜೇಬಿನಲ್ಲಿ ಮೊಬೈಲು ಅದುರತೊಡಗಿತು. ತೊಡೆಗೆ ಒತ್ತಿಕೊಂಡು ಅದುರಿತು, ನಿಂತಿತು, ಮತ್ತೆ ಅದುರಿತು. ಎರಡೂ ಕೈ ಬಿದಿರಿನ ಮೇಲಿದ್ದವು. ಡೇರಿಯ ಮುಂದೆ, ಅವಳು ಕುಸಿದ ಜಾಗದ ಮೇಲೇ ಹಾದು ಹೊಲದ ಕಡೆ ನಡೆದರು.

ಮಣ್ಣು ಹಾಕಿ, ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ಮತ್ತೆ ಫೋನು ಬಂತು. ಈ ಸಲ ತೆಗೆದ. ಮಂಜೇಶನ ಹಿಂದೆ ಗಂಟೆಯ ಸದ್ದು, ಮೈಕಿನಲ್ಲಿ ಯಾರೋ ಹೆಂಗಸು ತಿಳಿಯದ ಭಾಷೆಯಲ್ಲಿ ಹೇಳುತ್ತಿರುವುದು.

“ಇನ್ನೇನು ಹತ್ತಿಸ್ತಾರೆ ಭೀಮಣ್ಣ. ಕಾಯ್ತಾ ಇದೀರಲ್ವಾ?”

ಭೀಮರಾಜ ತನ್ನ ಉಗುರುಗಳನ್ನು ನೋಡಿಕೊಂಡ. ತೊಳೆದರೂ ಕೆಮ್ಮಣ್ಣು ಹೋಗಿರಲಿಲ್ಲ. ಈಗ ಹೇಳಿದರೆ ಅವನು ವಿಮಾನ ಹತ್ತುತ್ತಾನೋ ಇಲ್ಲವೋ. ಹತ್ತಿದರೆ ಆ ಮಾತನ್ನು ಹೊತ್ತುಕೊಂಡು ಎರಡು ದಿನ, ಗುರುತಿಲ್ಲದ ಊರುಗಳ ಕುರ್ಚಿಗಳಲ್ಲಿ, ಯಾರ ಹೆಗಲಿಗೆ ಒರಗುತ್ತಾನೆ?

“ಬಾ,” ಅಂದ.

ಮರುದಿನ ಮಾರಿಷಸ್ಸಿನಿಂದ ಒಂದು ಮೆಸೇಜು ಬಂತು: ಇಲ್ಲಿದೀನಿ, ಕಾಯ್ತಿದೀನಿ. ಬಾ, ಎಂದು ಬರೆದ ಭೀಮರಾಜ. ಮುಂಬೈಯಿಂದ ಒಂದು ಬಂತು. ಅದಕ್ಕೂ ಬಾ. ಎತ್ತಿಲ್ಲ ತಾನೆ ಎಂದು ಮಂಜೇಶ ಮತ್ತೆ ಕೇಳಲಿಲ್ಲ. ಯಾಕೆ ಕೇಳುತ್ತಿಲ್ಲ ಎಂದು ಯೋಚಿಸುತ್ತಾ ಭೀಮರಾಜ ಆ ಮೆಸೇಜುಗಳನ್ನೇ ಮತ್ತೆ ಮತ್ತೆ ತೆಗೆದು ಓದುತ್ತಿದ್ದ.

ಮೂರನೆಯ ದಿನ ಹಾಲುತುಪ್ಪ, ಸಮಾಧಿಗೆ ಹಾಲು ಬಿಡುವ ದಿನ. ಮನೆಯವರು ಹೊಲಕ್ಕೆ ಹೋಗುವ ತಯಾರಿಯಲ್ಲಿದ್ದಾಗ ಅವನು ಬೈಕು ತೆಗೆದುಕೊಂಡು ಏರ್‌ಪೋರ್ಟಿಗೆ ಹೋದ. ಒಂಬತ್ತು ವರ್ಷ ಒಳಗೆ ಕೆಲಸ ಮಾಡಿದವನು ಹೊರಗೆ, ಕಂಬಿಯ ಈಚೆ, ಹೆಸರು ಬರೆದ ಹಲಗೆ ಹಿಡಿದ ಡ್ರೈವರುಗಳ ನಡುವೆ ನಿಂತದ್ದು ಅದೇ ಮೊದಲು. ಮಂಜೇಶ ಹೊರಗೆ ಬಂದ. ಲಗೇಜು ಏನೂ ಇರಲಿಲ್ಲ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದ. ಎದೆಗೆ ಒಂದು ಪ್ಲಾಸ್ಟಿಕ್ ಕವರು ಅವುಚಿಕೊಂಡಿದ್ದ. ಭೀಮರಾಜ ಬೈಕು ಒದ್ದ, ಅವನು ಹಿಂದೆ ಕೂತ.

ರಾಜಾನುಕುಂಟೆ ದಾಟಿದ ಮೇಲೆ ಮಂಜೇಶ ಕಿವಿಯ ಹತ್ತಿರ ಬಗ್ಗಿ ಹೇಳಿದ, ಅಲ್ಲಿ ಸೀರೆ ಸಿಗಲಿಲ್ಲ ಅಂತ. ಅಂಗಡಿ ಅಂಗಡಿ ತಿರುಗಿದನಂತೆ. ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಒಂದು ಬಟ್ಟೆ ಇತ್ತಂತೆ, ಅದನ್ನೇ ತಂದೆ ಅಂದ. ಆಗುತ್ತಾ ಭೀಮಣ್ಣ?

ಆಗುತ್ತೆ, ಅಂದ ಭೀಮರಾಜ. ಆಮೇಲೆ ಗೇರು ಇಳಿಸಿದ. ಹಿಂದಿನಿಂದ ಬಂದ ಹಾಲಿನ ವ್ಯಾನು ಹಾರನ್ ಹೊಡೆದು ಮುಂದೆ ಹೋಯಿತು. ಒಂದು ಟ್ರ್ಯಾಕ್ಟರೂ ಮುಂದೆ ಹೋಯಿತು. ಮಂಜೇಶ ಬೇಗ ಹೋಗು ಅನ್ನಲಿಲ್ಲ.

ಊರ ಬಾಗಿಲಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಮನೆ, ಎಡಕ್ಕೆ ಹೊಲ. ಭೀಮರಾಜ ಕಟ್ಟೆಯ ಹತ್ತಿರ ಒಂದು ಗಳಿಗೆ ಕಾಲು ಊರಿ ನಿಂತ. ಆಮೇಲೆ ಎಡಕ್ಕೆ ತಿರುಗಿಸಿದ. ಅವನ ಬೆನ್ನಿಗೆ ಒತ್ತಿಕೊಂಡಿದ್ದ ಪ್ಲಾಸ್ಟಿಕ್ ಕವರು ಒಮ್ಮೆ ಜೋರಾಗಿ ಸದ್ದು ಮಾಡಿತು. ಮತ್ತೆ ಸದ್ದಿಲ್ಲ.

ಬದುವಿನ ಮೇಲೆ ಎಲ್ಲರೂ ಸೇರಿದ್ದರು. ಹಸಿ ಮಣ್ಣಿನ ದಿಬ್ಬಕ್ಕೆ ಹಾಲು ಬಿಟ್ಟದ್ದು ಇಂಗಿ ಬಿಳಿಯ ಗೀರು ಉಳಿದಿತ್ತು. ಮಂಜೇಶ ಬಂದುದನ್ನು ಕಂಡು ಹೆಂಗಸರು ಗೋಳೋ ಎಂದರು, ಅವನು ಅಳಲಿಲ್ಲ. ದಿಬ್ಬದ ಮುಂದೆ ನಿಂತು, ಭೀಮರಾಜನ ಕಡೆ ತಿರುಗದೆಯೇ ಕೇಳಿದ: “ಯಾರ ಸೀರೆ ಹಾಕಿದ್ರಿ?”

“ಮುನಿಗಂಗಮ್ಮಂದು. ನಿಮ್ಮೂರೋಳು.”

“ಯಾವ ಬಣ್ಣ?”

ಭೀಮರಾಜ ನೆನಪು ಮಾಡಿಕೊಳ್ಳಲು ನೋಡಿದ. ಹಸಿರೋ, ಕೆಂಪೋ. ಬಿದಿರು ಹೆಗಲ ಮೇಲಿತ್ತು, ಮೊಬೈಲು ಅದುರುತ್ತಿತ್ತು. ಸೀರೆಯ ಬಣ್ಣ ಅವನಿಗೆ ಗೊತ್ತಿರಲಿಲ್ಲ.

ಮಂಜೇಶ ಕವರಿನಿಂದ ಬಟ್ಟೆ ತೆಗೆದು ಬಿಡಿಸಿದ. ಹಳದಿ ಬಟ್ಟೆ, ನಡುವೆ ದೊಡ್ಡ ದೊಡ್ಡ ಹೂವು, ಅಂಚಿನಲ್ಲಿ ಅವರ ಭಾಷೆಯಲ್ಲಿ ಏನೋ ಒಂದು ಸಾಲು. ಏನೆಂದು ತಂದವನಿಗೂ ತಿಳಿಯದು. ದಿಬ್ಬದ ಮೇಲೆ ಹಾಸಿದರೆ ಅರ್ಧಕ್ಕೇ ಬಂತು. ಗಾಳಿಗೆ ಒಂದು ಮೂಲೆ ಎದ್ದಿತು. ಅವನು ಬಗ್ಗಿ ಒಂದು ಹೆಂಟೆ ತಂದು ಆ ಮೂಲೆಗಿಟ್ಟ. ಇನ್ನೊಂದು ಮೂಲೆ ಎದ್ದಿತು.

ಭೀಮರಾಜನೂ ಬಗ್ಗಿ ಒಂದು ಹೆಂಟೆ ಎತ್ತಿಕೊಂಡ. ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಮುನಿಗಂಗಮ್ಮ ಅವನ ತೋಳು ಹಿಡಿದಳು. “ಬ್ಯಾಡಪ್ಪ. ಅದು ತವರೋರು ಇಡ್ಬೇಕು.”

ಮಂಜೇಶ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತಿದ್ದ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತಿತ್ತು. ಭೀಮರಾಜ ಹೆಂಟೆ ಹಿಡಿದುಕೊಂಡು ನಿಂತೇ ಇದ್ದ. ಅದು ಅವನ ಬೆರಳುಗಳ ನಡುವೆ ಸ್ವಲ್ಪ ಸ್ವಲ್ಪವೇ ಪುಡಿಯಾಗಿ ಪಾದದ ಮೇಲೆ ಉದುರುತ್ತಿತ್ತು.